ಹಳೆ ಮಾಲೀಕನ ಬಗ್ಗೆ ಕಾರು ಹೇಳುವ ಚಾಡಿ

ಪ್ರಶ್ನೆ: ಹನ್ನೆರಡು ವರ್ಷದಿಂದ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಓಡಿಸುತ್ತಿದ್ದೇನೆ. ಪೋರ್ಷೆ 911 ಅಂದರೆ ಚಿಕ್ಕಂದಿನಿಂದ ಹುಚ್ಚು. ಈಗ ಸ್ವಲ್ಪ ಹಣ ಕೂಡಿದೆ. ಹೊಸದಕ್ಕೆ ಸಾಲದು, ಹಳೆಯದಕ್ಕೆ ಸಾಕು. 2002ರ ಎರಡು 911 ಕ್ಯಾರೆರಾ ಕಾರುಗಳು ಕಣ್ಣಿಗೆ ಬಿದ್ದಿವೆ, ಎರಡೂ ಮ್ಯಾನುಯಲ್ ಗೇರ್. ಒಂದು ಬರೀ 38,000 ಕಿ.ಮೀ. ಓಡಿದೆ. ಫಳಫಳ ಹೊಳೆಯುತ್ತಿದೆ, ಆದರೆ ಸರ್ವಿಸ್ ಕಾಗದಗಳು ಹೆಚ್ಚೇನೂ ಇಲ್ಲ. ಇನ್ನೊಂದು 1,10,000 ಓಡಿದೆ. ಮುಂದಿನ ಬಂಪರಿನ ತುಂಬ ಕಲ್ಲು ಸಿಡಿದ ಗುರುತು, ಆದರೆ ಮಾಲೀಕ ಒಂದು ದಪ್ಪ ಫೈಲ್ ತೋರಿಸಿದ. ಮೊದಲನೆಯದಕ್ಕೆ ಬೆಲೆ ಜಾಸ್ತಿ, ಆದರೂ ಮನಸ್ಸು ಅದರ ಕಡೆಗೇ ವಾಲುತ್ತಿದೆ. ಯಾವುದನ್ನು ತೆಗೆದುಕೊಳ್ಳಲಿ? ಏನೇನು ನೋಡಬೇಕು? 320 ಕುದುರೆ ಶಕ್ತಿ ನನ್ನಂಥವನ ಕೈಗೆ ಜಾಸ್ತಿಯಾಯಿತಾ? ಮನೆಯಲ್ಲಿ ಎಲ್ಲರಿಗೂ ಹೆದರಿಕೆ.

ಉತ್ತರ: ಫೈಲ್ ಇರುವ ಕಾರು. ಆದರೆ ಅದನ್ನೂ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬೇಡಿ.

ಹೊಳಪಿಗೆ ಮರುಳಾಗುವುದು ಸಹಜ. ನಾನೂ ಆಗಿದ್ದೇನೆ, ಆ ಕತೆ ಮುಂದೆ ಬರುತ್ತದೆ. ಮೊದಲು ಲೆಕ್ಕ ಹಾಕಿ ನೋಡಿ. ಇಪ್ಪತ್ತು ವರ್ಷ ದಾಟಿದ ಕಾರು 38,000 ಓಡಿದೆ ಅಂದರೆ ವರ್ಷಕ್ಕೆ 2,000 ಕಿ.ಮೀ. ಕೂಡ ಆಗಲಿಲ್ಲ. ಎಷ್ಟೋ ತಿಂಗಳು ಅದು ನಿಂತ ಜಾಗದಿಂದ ಕದಲಿರಲಿಕ್ಕಿಲ್ಲ. ನಿಲ್ಲಿಸಿಟ್ಟ ಕಾರು ಹಾಗೇ ಉಳಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಉಳಿಯುವುದಿಲ್ಲ. ರಬ್ಬರ್ ಸೀಲುಗಳು ಒಣಗಿ ಗಟ್ಟಿಯಾಗುತ್ತವೆ. ಟ್ಯಾಂಕಿನಲ್ಲಿರುವ ಪೆಟ್ರೋಲ್ ಹಳತಾಗಿ ಕೆಡುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಡಿಸ್ಕ್‌ಗೆ ತುಕ್ಕು ಹಿಡಿಯುತ್ತದೆ. ಇಲಿಗಳಿಗೆ ವೈರಿನ ಮೇಲೆ ಅದೇನು ಪ್ರೀತಿಯೋ, ನಿಂತ ಕಾರು ಸಿಕ್ಕರೆ ಬಿಡುವುದಿಲ್ಲ. ತಿಂಗಳಿಗೊಮ್ಮೆ ಹೊರಗೆ ತೆಗೆದು ಐದು ನಿಮಿಷ ಸುತ್ತಾಡಿಸಿ ಮತ್ತೆ ಒಳಗಿಡುವ ಮಾಲೀಕನಾಗಿದ್ದರೆ ಇನ್ನೂ ಕಷ್ಟ. ಎಂಜಿನ್ ಆಯಿಲ್ ಪೂರ್ತಿ ಬಿಸಿಯಾದರೆ ಮಾತ್ರ ಅದರೊಳಗೆ ಸೇರಿದ ನೀರು ಆವಿಯಾಗಿ ಹೋಗುತ್ತದೆ. ಐದು ನಿಮಿಷಕ್ಕೆ ಅದು ಆಗುವ ಕೆಲಸವಲ್ಲ.

ನಿಮ್ಮ ಕಾರಿನ ವಿಷಯದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. 2002ರ ಕ್ಯಾರೆರಾ 996 ಅನ್ನುವ ಪೀಳಿಗೆಯದು. ಅಲ್ಲಿಯವರೆಗೆ 911ರ ಎಂಜಿನ್ ಗಾಳಿಯಿಂದ ತಣಿಯುತ್ತಿತ್ತು. 996ರಲ್ಲಿ ಮೊದಲ ಸಲ ನೀರಿನಿಂದ ತಣಿಯುವ ಎಂಜಿನ್ ಬಂತು. ಅದರ ಹೊಟ್ಟೆಯೊಳಗೆ ಒಂದು ಮಧ್ಯದ ಶಾಫ್ಟ್ ಇದೆ. ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್‌ಗಳ ಚೈನು ತಿರುಗುವುದು ಈ ಶಾಫ್ಟಿನಿಂದ. ಅದರ ಒಂದು ತುದಿಯನ್ನು ಹೊತ್ತು ನಿಂತಿರುವುದು ಒಂದು ಸಣ್ಣ ಬೇರಿಂಗ್. ಇಂಟರ್‌ಮೀಡಿಯೆಟ್ ಶಾಫ್ಟ್ ಅನ್ನುವ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ ಅದನ್ನು ಐಎಂಎಸ್ ಬೇರಿಂಗ್ ಅನ್ನುತ್ತಾರೆ. 911 ಕೊಳ್ಳುವವರ ನಡುವೆ ಈ ಮೂರು ಅಕ್ಷರ ಕೇಳಿದರೆ ಸಾಕು, ಮುಖದ ಬಣ್ಣ ಬದಲಾಗುತ್ತದೆ. ಬೇರಿಂಗ್ ಪುಡಿಯಾದರೆ ಚೈನಿನ ಲೆಕ್ಕ ತಪ್ಪುತ್ತದೆ, ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಎಂಜಿನ್ ಕತೆ ಅಲ್ಲಿಗೆ ಮುಗಿಯುತ್ತದೆ. ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋಗಿ, 2001ರಿಂದ 2005ರವರೆಗಿನ ಮಾದರಿಗಳ ಬಗ್ಗೆ ರಾಜಿಯೂ ಆಯಿತು. ಹಾಗಂತ ಎಲ್ಲ ಕಾರುಗಳಿಗೂ ಹೀಗಾಗುತ್ತದೆ ಅಂತಲ್ಲ. ಬಹುಪಾಲು ಎಂಜಿನ್‌ಗಳು ಈಗಲೂ ಓಡುತ್ತಿವೆ. ಎಷ್ಟೋ ಮೆಕ್ಯಾನಿಕ್‌ಗಳ ಅನುಭವ ಏನೆಂದರೆ, ಚೆನ್ನಾಗಿ ಓಡಿ, ಆಯಿಲ್ ಆಗಾಗ ಬದಲಾದ ಕಾರುಗಳಲ್ಲಿ ಈ ಬೇರಿಂಗ್ ಹೆಚ್ಚು ಬಾಳುತ್ತದೆ. ನಿಂತೇ ಇದ್ದ ಕಾರುಗಳು ಹೆಚ್ಚು ತೊಂದರೆ ಕೊಡುತ್ತವೆ. (ಅದೇ ಪೀಳಿಗೆಯ ಟರ್ಬೋ ಮತ್ತು ಜಿಟಿ3ರಲ್ಲಿ ಬೇರೆಯೇ ಎಂಜಿನ್ ಇತ್ತು, ಅದಕ್ಕೆ ಈ ಕಾಟ ಇಲ್ಲ. ಬೆಲೆಯೂ ಅದಕ್ಕೆ ತಕ್ಕ ಹಾಗೇ ಇದೆ.)

ಈ ಬೇರಿಂಗ್ ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಬದಲಿಸಲೂ ಗೇರ್‌ಬಾಕ್ಸ್ ಇಳಿಸಬೇಕು. ಹಾಗಾಗಿ ಬುದ್ಧಿ ಇರುವ ಮಾಲೀಕ ಕ್ಲಚ್ ಹಾಕಿಸುವ ದಿನವೇ ಬೇರಿಂಗನ್ನೂ ಅದರ ಪಕ್ಕದ ಆಯಿಲ್ ಸೀಲನ್ನೂ ಬದಲಿಸಿಬಿಡುತ್ತಾನೆ. 1,10,000 ಓಡಿದ ಕಾರಿಗೆ ಒಂದು ಸಲವಾದರೂ ಕ್ಲಚ್ ಬದಲಾಗಿರುವ ಸಾಧ್ಯತೆ ಜಾಸ್ತಿ. ಆ ಬಿಲ್ ಆ ದಪ್ಪ ಫೈಲಿನೊಳಗೆ ಇದೆಯಾ ಅನ್ನುವುದೇ ಈಗ ನಿಮ್ಮ ಮುಂದಿರುವ ದೊಡ್ಡ ಪ್ರಶ್ನೆ.

ಹಳೆ ಸ್ಪೋರ್ಟ್ಸ್ ಕಾರು ನೋಡಲು ಹೋದಾಗ ನಾನು ಮೊದಲು ನೋಡುವುದು ಹಿಂದಿನ ಮಾಲೀಕನನ್ನು. ಅವನ ಎದುರಿಗೆ ಕೂತು ಮಾತಾಡುವುದಕ್ಕಿಂತ ಕಾರಿನ ಹತ್ತಿರ ಕೇಳುವುದು ವಾಸಿ. ಅದರ ಒಂದೊಂದು ಭಾಗವೂ ಅವನ ಮೇಲೆ ಚಾಡಿ ಹೇಳುತ್ತದೆ.

ಫೈಲಿನಿಂದಲೇ ಶುರು ಮಾಡಿ. ಸುಮ್ನೆ ತಿರುವಿ ಹಾಕಬೇಡಿ, ತಾರೀಖಿನ ಪ್ರಕಾರ ಜೋಡಿಸಿ ಓದಿ. ಪ್ರತಿ ಬಿಲ್ಲಿನಲ್ಲೂ ಕಿಲೋಮೀಟರ್ ಬರೆದಿರುತ್ತದೆ, ಅದು ಏರುತ್ತಲೇ ಹೋಗಬೇಕು. ಎಲ್ಲಾದರೂ ಇಳಿದಿದ್ದರೆ ಮೀಟರ್ ತಿರುಗಿಸಿದ್ದಾರೆ. ಮೂರು ನಾಲ್ಕು ವರ್ಷ ಒಂದೂ ಬಿಲ್ ಇಲ್ಲದಿದ್ದರೆ ಕೇಳಿ. ದೊಡ್ಡ ಬಿಲ್ಲುಗಳಿಗಿಂತ ಸಣ್ಣವು ನನಗೆ ಜಾಸ್ತಿ ಇಷ್ಟ. ದೊಡ್ಡ ರಿಪೇರಿ ಎಲ್ಲರೂ ಮಾಡಿಸುತ್ತಾರೆ, ಇಲ್ಲದಿದ್ದರೆ ಕಾರು ಓಡುವುದಿಲ್ಲವಲ್ಲ. ಆದರೆ ಓಡಿದ್ದು ಕಮ್ಮಿಯಾದರೂ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿದವನು, ಮುಂದಿನ ಬಂಪರ್ ಬಿಚ್ಚಿಸಿ ರೇಡಿಯೇಟರ್ ಮೇಲಿನ ಎಲೆ ಕಸ ತೆಗೆಸಿದವನು, ಅವನೇ ಬೇರೆ ಜಾತಿ. 996ರ ಬಂಪರಿನ ಎರಡೂ ಬದಿಯ ಬಾಯಿಗಳಲ್ಲಿ ಒಣಗಿದ ಎಲೆ ಹೋಗಿ ಕೂರುತ್ತದೆ. ನೀರು ಬಿದ್ದು ಕೊಳೆತು, ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ತುಕ್ಕು ತರುತ್ತದೆ. ಟಾರ್ಚ್ ತೆಗೆದುಕೊಂಡು ಮಂಡಿಯೂರಿ ಒಳಗೆ ಇಣುಕಿ. ಒಳ್ಳೆ ಪಾಲಿಶ್ ಹೊಡೆದ ಕಾರಿನ ಆ ಬಾಯಲ್ಲಿ ನಾನು ಹಕ್ಕಿಗೂಡಿನಷ್ಟು ಕಸ ನೋಡಿದ್ದೇನೆ. ಮೇಲೆ ಥಳಕು ಒಳಗೆ ಹುಳುಕು ಅಂತ ಇದಕ್ಕೇ ಹೇಳಿರಬೇಕು.

ಮುಂದಿನ ಬಂಪರಿನ ಕಲ್ಲಿನ ಗುರುತುಗಳ ಬಗ್ಗೆ ಚಿಂತೆ ಬೇಡ. 1,10,000 ಓಡಿದ ಕಾರಿಗೆ ಅವು ಇರಲೇಬೇಕು. ಇಲ್ಲದಿದ್ದರೆ ಬಣ್ಣ ಹೊಸದು. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ ಸಿಗುತ್ತದೆ, ಕಾರಿನ ಲೋಹದ ಮೇಲೆ ಇಟ್ಟರೆ ಮೈಕ್ರಾನ್ ಲೆಕ್ಕದಲ್ಲಿ ತೋರಿಸುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180ರ ಆಸುಪಾಸು. ಒಂದು ಬಾಗಿಲಲ್ಲಿ ಮಾತ್ರ 300 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ ಅಂತ ಅರ್ಥ. ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್ಕಿನದು, ಅಲ್ಲಿ ಈ ಯಂತ್ರ ಕೆಲಸ ಮಾಡುವುದಿಲ್ಲ. ಬಣ್ಣ ಹೊಡೆದಿದ್ದೇ ತಪ್ಪು ಅಂತಲ್ಲ. ಮಾಲೀಕ ಅದನ್ನು ತಾನಾಗಿ ಹೇಳಿದನೋ, ಕೇಳಿದ ಮೇಲೆ ಹೇಳಿದನೋ ಅನ್ನುವುದು ಮುಖ್ಯ.

ಇನ್ನು ಕಾರು ನೋಡಲು ಹೋಗುವ ಮೊದಲು ಫೋನ್ ಮಾಡಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಸೈಲೆನ್ಸರ್ ಪೈಪಿನ ತುದಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾಕೆ ಅಂತ ಯೋಚಿಸಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಸ್ಟಾರ್ಟ್ ಮಾಡಲು ಇನ್ನೊಬ್ಬರಿಗೆ ಹೇಳಿ, ನೀವು ಹಿಂದೆ ನಿಂತು ನೋಡಿ. ಈ ಎಂಜಿನ್ನಿನ ಸಿಲಿಂಡರುಗಳು ಮಲಗಿದ ಹಾಗೆ ಇರುವುದರಿಂದ ಸ್ವಲ್ಪ ಆಯಿಲ್ ಒಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಮೊದಲಿಗೆ ಒಂದು ಸಲ ನೀಲಿ ಹೊಗೆ ಬುಸ್ಸೆಂದು ಬಂದು ನಿಂತರೆ ಗಾಬರಿ ಬೇಡ. ನಿಲ್ಲದೆ ಬರುತ್ತಲೇ ಇದ್ದರೆ ಗಾಬರಿಯಾಗಿ. ಎರಡು ಬದಿಯ ಪೈಪುಗಳಲ್ಲಿ ಒಂದರಲ್ಲಿ ಮಾತ್ರ ಕಪ್ಪು ಮಸಿ ಜಾಸ್ತಿ ಇದೆಯಾ ನೋಡಿ. ಎಂಜಿನ್ನಿನಿಂದ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೂ ಹೋಗದಿದ್ದರೆ ಸಿಲಿಂಡರಿನ ಗೋಡೆಗೆ ಗೀರು ಬಿದ್ದಿರಬಹುದು. ಅದು ಬೇರಿಂಗಿನಷ್ಟೇ ದುಬಾರಿ ಕಾಯಿಲೆ.

ಓಡಿಸಿ ನೋಡುವಾಗ ರೇಡಿಯೋ ಬೇಡ, ಮಾಲೀಕನ ಹರಟೆಯೂ ಬೇಡ. ಕ್ಲಚ್ ಪೆಡಲ್ ಕಾಲು ನೋಯುವಷ್ಟು ಗಟ್ಟಿಯಿದ್ದರೆ ಕ್ಲಚ್ ಸವೆದಿರಬಹುದು. ಮೇಲಿನ ಗೇರಿನಲ್ಲಿ, ಕಮ್ಮಿ ವೇಗದಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಏರಿ ಕಾರು ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೂರರಿಂದ ಎರಡಕ್ಕೆ ಇಳಿಸಿದಾಗ ಕರಕರ ಅಂದರೆ ಗೇರುಗಳನ್ನು ಸದ್ದಿಲ್ಲದೆ ಸೇರಿಸುವ ಸಿಂಕ್ರೋ ಹೋಗಿದೆ.

ಇಷ್ಟು ನೀವು ಮಾಡಬಹುದು. ಮಿಕ್ಕಿದ್ದು ಆ ಮಾದರಿಯನ್ನೇ ಬಿಚ್ಚಿ ಜೋಡಿಸಿ ಅನುಭವ ಇರುವ, ಮಾರುವವನಿಗೆ ಸಂಬಂಧವೇ ಇಲ್ಲದ ಮೆಕ್ಯಾನಿಕ್‌ ಕೆಲಸ. ಕಾರನ್ನು ಲಿಫ್ಟ್ ಮೇಲೆ ಏರಿಸಬೇಕು. ಆಯಿಲ್ ಫಿಲ್ಟರ್ ತೆಗೆದು ಮಡಿಕೆಗಳನ್ನು ಬಿಡಿಸಿ ನೋಡಬೇಕು. ಅದರಲ್ಲಿ ಬೆಳ್ಳಿ ಪುಡಿ ಹಾಗೆ ಮಿನುಗುವ ಲೋಹದ ಚೂರು ಕಂಡರೆ ಅಲ್ಲಿಗೇ ಮುಗಿಯಿತು, ಕೈಮುಗಿದು ಬನ್ನಿ. ಸ್ಪಾರ್ಕ್ ಪ್ಲಗ್ ತೆಗೆದು ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆ ನೋಡಬೇಕು. ಕಂಪ್ಯೂಟರ್ ಜೋಡಿಸಿ ಎಂಜಿನ್ನಿನ ನೆನಪು ಓದಿಸಬೇಕು.

ಈ ಕೊನೆಯದರಲ್ಲಿ ಒಂದು ಮಜಾ ಇದೆ. ಮೂರನೇ ಗೇರಿನಲ್ಲಿ 7,000 ಆರ್‌ಪಿಎಂ ಹತ್ತಿರ ಹೋಗಿ, ನಾಲ್ಕಕ್ಕೆ ಹಾಕಬೇಕಾದವನು ಅವಸರದಲ್ಲಿ ಎರಡಕ್ಕೆ ಎಳೆದುಬಿಟ್ಟ ಅಂದುಕೊಳ್ಳಿ. ಚಕ್ರಗಳೇ ಎಂಜಿನ್ನನ್ನು ಹಿಡಿದು ತಿರುಗಿಸುತ್ತವೆ, ಮುಳ್ಳು 10,000ದ ಹತ್ತಿರ ಹಾರುತ್ತದೆ. ಎಂಜಿನ್ ಕಾಪಾಡಲು ಇರುವ ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಲ್ಲದು, ಚಕ್ರ ನಿಲ್ಲಿಸಲಾರದು. ಈ ಒಂದು ಸೆಕೆಂಡಿನ ತಪ್ಪು ಮಾಲೀಕನಿಗೆ ಮರೆತುಹೋಗಿರುತ್ತದೆ, ಅಥವಾ ಮರೆತ ಹಾಗೆ ಇರುತ್ತಾನೆ. ಆದರೆ ಆ ಕಾಲದ ಪೋರ್ಷೆಯ ಕಂಪ್ಯೂಟರ್ ಎಂಜಿನ್ ಮಿತಿ ಮೀರಿ ತಿರುಗಿದ್ದನ್ನು ಎಣಿಸಿ ಇಟ್ಟುಕೊಂಡಿರುತ್ತದೆ. ಎಂಜಿನ್ನಿಗೆ ಎಷ್ಟು ಗಂಟೆ ವಯಸ್ಸಾಗಿದ್ದಾಗ ಆಯಿತು ಅನ್ನುವುದನ್ನೂ ಬರೆದಿರುತ್ತದೆ. ಚಾಡಿ ಅಂದರೆ ಇದು ನೋಡಿ. ತುಂಬ ಹಿಂದೆ ಒಂದು ಸಲ ಆಗಿ, ಆಮೇಲೆ ನೂರಾರು ಗಂಟೆ ಎಂಜಿನ್ ಸರಿಯಾಗಿ ಓಡಿದ್ದರೆ ನಾನು ಕ್ಷಮಿಸುತ್ತೇನೆ. ಇತ್ತೀಚಿನದಾದರೆ ಬೇಡ.

ತಪಾಸಣೆಗೆ ಒಪ್ಪದ ಮಾಲೀಕನ ಹತ್ತಿರ ವಾದ ಮಾಡಬೇಡಿ. ಅವನು ಉತ್ತರ ಕೊಟ್ಟಾಗಿದೆ.

ಈಗ ನನ್ನ ಕತೆ. ನನ್ನ ಮೊದಲ ಸ್ಪೋರ್ಟ್ಸ್ ಕಾರು ಹಿಂಚಕ್ರಕ್ಕೆ ಶಕ್ತಿ ಹೋಗುವ, ಎರಡೇ ಸೀಟಿನ ಪುಟ್ಟ ಗಾಡಿ. ಯಾವ ಕಂಪನಿಯದು ಅನ್ನುವುದು ಬೇಡ, ತಪ್ಪು ಅದರದ್ದಲ್ಲ. ನಾನು ಅದನ್ನು ಮೂರು ಗಂಟೆ ಪರೀಕ್ಷೆ ಮಾಡಿದ್ದೆ. ಟೈರಿನ ಮೇಲೆ ಕೈಯಾಡಿಸಿ, ಗೀರುಗಳು ಆಳವಾಗಿವೆ, ಹೊಸ ಟೈರಿನ ಹಾಗಿದೆ ಅಂತ ಖುಷಿಪಟ್ಟಿದ್ದೆ. ಮನೆಗೆ ತಂದ ಮೂರನೇ ದಿನ, ಆಗ ತಾನೇ ಮಳೆ ನಿಂತಿತ್ತು. ಒಂದು ವೃತ್ತ ಬಳಸಿ ಹೊರಬರುತ್ತಿದ್ದೆ. ವೇಗ 40 ಕಿ.ಮೀ., ಎರಡನೇ ಗೇರ್. ಆಕ್ಸಿಲರೇಟರ್ ಒಂದು ಚೂರು ಒತ್ತಿದೆ ಅಷ್ಟೇ. ಹಿಂಬದಿ ಸದ್ದೇ ಇಲ್ಲದೆ ಜಾರಿತು. ಮರುಕ್ಷಣ ನಾನು ಬಂದ ದಾರಿಯನ್ನೇ ನೋಡಿಕೊಂಡು ಕೂತಿದ್ದೆ. ಯಾರಿಗೂ ಏನೂ ಆಗಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಫೋನಿನ ಬೆಳಕು ಬಿಟ್ಟು ಹಿಂದಿನ ಟೈರಿನ ಪಕ್ಕೆ ಓದಿದೆ. ಹನ್ನೊಂದು ವರ್ಷದ ಟೈರು. ಉಗುರು ಒತ್ತಿದರೆ ಇಳಿಯಲಿಲ್ಲ, ಒಣಗಿದ ಮರದ ಹಾಗಿತ್ತು. ಹಳೆ ಮಾಲೀಕ ಓಡಿಸಿದ್ದೇ ಕಮ್ಮಿ, ಹಾಗಾಗಿ ಟೈರು ಸವೆಯಲಿಲ್ಲ, ಸುಮ್ನೆ ಮುದಿಯಾಯಿತು.

ಟೈರಿನ ಪಕ್ಕೆಯಲ್ಲಿ ಡಿಒಟಿ ಅನ್ನುವ ಅಕ್ಷರಗಳ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿಯಲ್ಲಿರುತ್ತದೆ, ಕೆಳಗೆ ನುಗ್ಗಿ ನೋಡಿ. ಆರು ವರ್ಷ ದಾಟಿದ ಟೈರಿನ ಮೇಲೆ ಈ ಥರದ ಕಾರನ್ನು ನಾನು ಜೋರಾಗಿ ಓಡಿಸುವುದಿಲ್ಲ. ನಟ ಪಾಲ್ ವಾಕರ್ 2013ರ ನವೆಂಬರ್ 30ರಂದು ಪೋರ್ಷೆ ಕ್ಯಾರೆರಾ ಜಿಟಿಯಲ್ಲಿ (ನೀವು ನೋಡಿದ ಕ್ಯಾರೆರಾ ಅಲ್ಲ, ಬೇರೆಯೇ ಕಾರು) ತೀರಿಕೊಂಡರು. ಅವರ ಸ್ನೇಹಿತ ಕಾರು ಓಡಿಸುತ್ತಿದ್ದರು. ತನಿಖೆ ಮಾಡಿದವರು ಮುಖ್ಯ ಕಾರಣ ಅತಿವೇಗ ಅಂದರು, ಗಂಟೆಗೆ ಸುಮಾರು 130ರಿಂದ 150 ಕಿ.ಮೀ. ಅದರ ಜೊತೆಗೆ ಒಂಬತ್ತು ವರ್ಷ ಹಳೆಯ ಟೈರುಗಳನ್ನೂ ಬೊಟ್ಟು ಮಾಡಿ ತೋರಿಸಿದರು. ಆ ಕಾರಿನ ಎಂಜಿನ್, ಬ್ರೇಕ್, ಸ್ಟಿಯರಿಂಗ್ ಎಲ್ಲ ಸೇರಿ ರಸ್ತೆಗೆ ತಗುಲಿಕೊಂಡಿದ್ದದ್ದು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳ ಮೇಲೆ. ನಿಮ್ಮದೂ ಅಷ್ಟೇ. ಪೋರ್ಷೆ ಒಪ್ಪಿದ ಟೈರಿನ ಪಕ್ಕೆಯಲ್ಲಿ ಎನ್ ಅಕ್ಷರ, ಅದರ ಮುಂದೆ ಒಂದು ಅಂಕಿ ಇರುತ್ತದೆ. ನಾಲ್ಕಕ್ಕೂ ಒಂದೇ ಕಂಪನಿಯ ಒಂದೇ ಮಾದರಿ ಇದ್ದರೆ ಮಾಲೀಕನಿಗೆ ಕಾರಿನ ಮೇಲೆ ಕಾಳಜಿ ಇತ್ತು ಅಂತ ತಿಳಿಯಿರಿ. ಹಿಂದೆ ಒಂದು, ಮುಂದೆ ಒಂದು ಅಗ್ಗದ ಟೈರು ಹಾಕಿದವನು ಆಯಿಲಿನಲ್ಲಿ ಉಳಿಸಿರುವುದಿಲ್ಲ ಅಂತ ಹೇಗೆ ನಂಬುವುದು?

ಹಣದ ಬಗ್ಗೆ ಒಂದೇ ಮಾತು. ಕಾರಿನ ಬೆಲೆ ಇಳಿದಿದೆ, ಬಿಡಿಭಾಗಗಳ ಬೆಲೆ ಇಳಿದಿಲ್ಲ. ಹೊಸದಾಗಿದ್ದಾಗ ಅದು ಯಾವ ದರ್ಜೆಯ ಕಾರಾಗಿತ್ತೋ ಬ್ರೇಕು, ಕ್ಲಚ್ಚು, ಮೆಕ್ಯಾನಿಕ್‌ ಕೂಲಿ ಎಲ್ಲ ಈಗಲೂ ಅದೇ ದರ್ಜೆ. ಎಂಜಿನ್ ಆಯಿಲೇ ಎಂಟು ಲೀಟರಿಗಿಂತ ಜಾಸ್ತಿ ಕುಡಿಯುತ್ತದೆ. ಕೊಂಡ ಬೆಲೆಯ ಐದನೇ ಒಂದು ಪಾಲನ್ನು ಮೊದಲ ವರ್ಷಕ್ಕೆ ಅಂತ ಬೇರೆ ಎತ್ತಿಡಿ. ಅದನ್ನು ಎತ್ತಿಟ್ಟ ಮೇಲೆ ಕಾರಿಗೆ ಹಣ ಸಾಲದಿದ್ದರೆ, ಕಾರಿಗೇ ಹಣ ಸಾಲದು ಅಂತಲೇ ಲೆಕ್ಕ.

ಹಾಗಾದರೆ ಬೇರೆ ಯಾವುದಾದರೂ? ನಿಮ್ಮ ಹುಚ್ಚು 911ರದ್ದೇ ಆದ್ದರಿಂದ ಉದ್ದ ಎಳೆಯುವುದಿಲ್ಲ. ಪ್ರತಿ ಕಾರಿಗೂ ಅದರದೇ ಕಾಯಿಲೆ ಇರುತ್ತದೆ. ಬಿಎಂಡಬ್ಲ್ಯು ಎಂ3ರ ಇ46 ಪೀಳಿಗೆಯಲ್ಲಿ ಹಿಂದಿನ ಚಕ್ರಗಳನ್ನು ಹೊರುವ ಚೌಕಟ್ಟು (ಸಬ್‌ಫ್ರೇಮ್) ಕೂರುವ ಜಾಗದಲ್ಲಿ ತಗಡು ಬಿರುಕು ಬಿಡುತ್ತದೆ, ಎಂಜಿನ್ನಿನೊಳಗಿನ ರಾಡ್ ಬೇರಿಂಗೂ ಸವೆಯುತ್ತದೆ. ಮಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್ನಿಗೆ ಅದಕ್ಕೆಂದೇ ಇರುವ ಮೀಟರಿನಲ್ಲಿ ಕಂಪ್ರೆಶನ್ (ಎಂಜಿನ್ ಒಳಗಿನ ಒತ್ತಡ) ಅಳೆಸದೆ ಕೊಳ್ಳಲೇಬಾರದು. ಲೋಟಸ್ ಎಲೀಸ್‌ನ ಚಾಸಿ ಅಂಟು ಹಾಕಿ ಜೋಡಿಸಿದ ಅಲ್ಯೂಮಿನಿಯಂ, ಪೆಟ್ಟು ಬಿದ್ದರೆ ತಟ್ಟಿ ಸರಿಮಾಡುವ ಹಾಗಿಲ್ಲ. ಹೋಂಡಾ ಎಸ್2000ದ ಎರಡು ಲೀಟರ್ ಎಂಜಿನ್ 9,000 ಆರ್‌ಪಿಎಂವರೆಗೆ ಹಾಡುತ್ತದೆ, ಆದರೆ ಮೊದಲಿನ ವರ್ಷಗಳ ಕಾರುಗಳಲ್ಲಿ ಜಾರುವುದನ್ನು ತಡೆಯುವ ಕಂಪ್ಯೂಟರ್ ಇಲ್ಲ. ಯಾರಾದರೂ ನನ್ನ ಹತ್ತಿರ, ಹೆಸರು ಬೇಡ, ಓಡಿಸುವ ಖುಷಿ ಸಾಕು ಅಂದರೆ ನಾನು ಮಜ್ದಾ ಎಂಎಕ್ಸ್-5 ತೋರಿಸುತ್ತೇನೆ. 1989ರಿಂದ ಬರುತ್ತಿದೆ, ತೂಕ ಒಂದು ಟನ್ನಿನ ಆಸುಪಾಸು, ತಪ್ಪು ಮಾಡಿದರೂ ಬೈಯುವುದು ಕಮ್ಮಿ. ನಿಮಗೆ ಈ ಮಾತು ಹಿಡಿಸುವುದಿಲ್ಲ, ಗೊತ್ತು.

320 ಕುದುರೆ ಶಕ್ತಿ ಜಾಸ್ತಿಯಾಯಿತಾ ಅಂತ ಕೇಳಿದ್ದೀರಿ. ಕುದುರೆಗಳು ನಿಮ್ಮ ಬಲಗಾಲಿನ ಕೆಳಗಿವೆ, ಕೇಳದೆ ಓಡುವುದಿಲ್ಲ. ನೀವು ಕಲಿಯಬೇಕಾದ್ದು ಕಾಲು ತೆಗೆಯುವುದನ್ನು. 911ರ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಕೂತಿದೆ. ಕಾರಿನ ತೂಕದಲ್ಲಿ 60%ಕ್ಕಿಂತ ಜಾಸ್ತಿ ಹಿಂದೆಯೇ ಇದೆ. ತಿರುವಿನ ಮಧ್ಯೆ ವೇಗ ಜಾಸ್ತಿಯಾಯಿತು ಅಂತ ಹೆದರಿ ಆಕ್ಸಿಲರೇಟರಿನಿಂದ ಕಾಲು ಫಟ್ಟನೆ ತೆಗೆದಿರಿ ಅಂದುಕೊಳ್ಳಿ. ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರಿನ ಹಿಡಿತ ಸಡಿಲವಾಗುತ್ತದೆ, ಆ ಭಾರವಾದ ಬಾಲ ತೂಗುಯ್ಯಾಲೆಯ ಹಾಗೆ ಹೊರಗೆ ಬೀಸುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಹನ್ನೆರಡು ವರ್ಷ ನಿಮ್ಮನ್ನು ಕಾಪಾಡಿದ ಅಭ್ಯಾಸವೇ ಇಲ್ಲಿ ತೊಂದರೆಗೆ ತಳ್ಳುತ್ತದೆ. ಹಾಗಾಗಿ ಬ್ರೇಕ್ ಕೆಲಸವೆಲ್ಲ ತಿರುವಿಗೆ ಮೊದಲೇ, ನೇರ ರಸ್ತೆಯಲ್ಲೇ ಮುಗಿಯಬೇಕು. ಒಳಗೆ ಹೋಗುವಾಗ ನಿಧಾನ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇರಲಿ, ಸ್ಟಿಯರಿಂಗ್ ನೇರವಾಗುತ್ತಾ ಬಂದ ಹಾಗೆ ನಿಧಾನವಾಗಿ ಒತ್ತಿ. ಆಗ ಅದೇ ಹಿಂದಿನ ಭಾರ ಟೈರನ್ನು ರಸ್ತೆಗೆ ಒತ್ತಿ ಹಿಡಿದು ಕಾರನ್ನು ಕವಣೆಯ ಹಾಗೆ ಹೊರಗೆ ಎಸೆಯುತ್ತದೆ. 911 ಹುಚ್ಚರು ಹುಚ್ಚರಾಗುವುದು ಈ ಒಂದು ಕ್ಷಣಕ್ಕೆ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. 100ರಿಂದ 140ಕ್ಕೆ ಹೋದರೆ ವೇಗ ಹೆಚ್ಚಿದ್ದು 40% ಮಾತ್ರ, ಬ್ರೇಕ್ ಕರಗಿಸಬೇಕಾದ ಶಕ್ತಿ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ಈ ಕಾರಿನಲ್ಲಿ 140 ಅನ್ನುವುದು ನಿಮ್ಮ ಹಳೆ ಕಾರಿನ 80ರಷ್ಟೇ ಶಾಂತವಾಗಿರುತ್ತದೆ. ಅಪಾಯ ಇರುವುದೇ ಆ ಶಾಂತಿಯಲ್ಲಿ.

ಜಾರುವುದನ್ನು ತಡೆಯುವ ವ್ಯವಸ್ಥೆಗೆ ಪೋರ್ಷೆಯವರು ಪಿಎಸ್ಎಂ ಅನ್ನುತ್ತಾರೆ. ಆ ಕಾಲದ ಕ್ಯಾರೆರಾಗಳಲ್ಲಿ ಕೆಲವಕ್ಕೆ ಅದು ಬಂದಿದೆ, ಕೆಲವಕ್ಕೆ ಇಲ್ಲ. ನೀವು ನೋಡಿದ ಎರಡರಲ್ಲಿ ಯಾವುದಕ್ಕಿದೆ ಅಂತ ಗಮನಿಸಿ. ಇದ್ದರೆ ಮೊದಲ ವರ್ಷ ಅದನ್ನು ಆರಿಸುವ ಬಟನ್ ಮುಟ್ಟಬೇಡಿ. ಹೊಸ ಟೈರು ಹಾಕಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಬ್ರೇಕ್ ಆಯಿಲ್ ಬದಲಿಸಿ. ಬೇರೆ ಏನನ್ನೂ ಬದಲಿಸಬೇಡಿ. ದೊಡ್ಡ ಸದ್ದಿನ ಸೈಲೆನ್ಸರ್, ಕೆಳಕ್ಕಿಳಿಸುವ ಸ್ಪ್ರಿಂಗು, ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್ ತಿದ್ದುವ ರೀಮ್ಯಾಪು ಇವೆಲ್ಲ ಹುಡುಗು ಆಸೆಗಳು. ಕಾರು ಹೇಗಿದೆ ಅಂತ ಗೊತ್ತಾಗುವ ಮೊದಲೇ ಅದನ್ನು ಬೇರೆ ಕಾರು ಮಾಡಿದರೆ ಏನು ಗೊತ್ತಾಗುತ್ತದೆ?

ಆಮೇಲೆ ಒಂದು ದಿನದ ಡ್ರೈವಿಂಗ್ ತರಬೇತಿಗೆ ಹೋಗಿ. ನೀರು ಹಾಕಿದ ಖಾಲಿ ಮೈದಾನ, ಪಕ್ಕದ ಸೀಟಿನಲ್ಲಿ ಕಲಿಸುವವರು. ಅಲ್ಲಿ ಬ್ರೇಕನ್ನು ಮೈಯ ಶಕ್ತಿಯೆಲ್ಲ ಹಾಕಿ ಒತ್ತಲು ಹೇಳುತ್ತಾರೆ. ಬಹಳ ಜನ ಜೀವನದಲ್ಲಿ ಒಮ್ಮೆಯೂ ಹಾಗೆ ಒತ್ತಿರುವುದಿಲ್ಲ. ಕಾಲಿನ ಕೆಳಗೆ ಎಬಿಎಸ್ ಗಡಗಡ ಅನ್ನುವಾಗ ಹೆದರಿ ಕಾಲು ತೆಗೆದುಬಿಡುತ್ತಾರೆ. ಕಾರು 40ರಲ್ಲಿ ಗಿರ್ರನೆ ತಿರುಗಿದಾಗ ಕಣ್ಣು ಎಲ್ಲಿ ನೋಡಬೇಕು ಅನ್ನುವುದನ್ನೂ ಅಲ್ಲೇ ಕಲಿಯುತ್ತೀರಿ. ಗುದ್ದಬಾರದ ಕಂಬವನ್ನೇ ನೋಡಿದರೆ ಕೈ ಅಲ್ಲಿಗೇ ಎಳೆದುಕೊಂಡು ಹೋಗುತ್ತದೆ, ಹೋಗಬೇಕಾದ ದಾರಿಯನ್ನು ನೋಡಬೇಕು. ಮನೆಯವರ ಹೆದರಿಕೆಗೆ ನನ್ನ ಹತ್ತಿರ ಇರುವ ಮದ್ದು ಇದೊಂದೇ. ಆ ದಿನ ಅವರನ್ನೂ ಕರೆದುಕೊಂಡು ಹೋಗಿ ಅಂಚಿನಲ್ಲಿ ಕೂರಿಸಿ. ನೀವು ಮೂರು ಸಲ ಗಿರಗಿರ ತಿರುಗುವುದನ್ನು ನೋಡಿ ನಕ್ಕ ಮೇಲೆ ಅರ್ಧ ಹೆದರಿಕೆ ಹೋಗಿರುತ್ತದೆ. ಅವರನ್ನು ಕೂರಿಸಿಕೊಂಡು ರಸ್ತೆಯಲ್ಲಿ ಗತ್ತು ತೋರಿಸಿದಿರೋ, ಹೋದ ಅರ್ಧ ಎರಡರಷ್ಟಾಗಿ ವಾಪಸ್ ಬರುತ್ತದೆ.

ಜೋರಾಗಿ ಓಡಿಸುವ ಆಸೆಗೆ, ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸಲು ಬಿಡುವ ಟ್ರ್ಯಾಕ್ ದಿನಗಳಿವೆ. ಹೋಗುವ ಮೊದಲು ವಿಮೆಯ ಕಾಗದ ಓದಿ, ಸಾಮಾನ್ಯ ವಿಮೆ ಟ್ರ್ಯಾಕಿಗೆ ಬಹುತೇಕ ಅನ್ವಯಿಸುವುದಿಲ್ಲ. ಬ್ರೇಕ್ ಆಯಿಲ್ ಅಂದೆನಲ್ಲ, ಅದರ ಅರ್ಥ ಅಲ್ಲಿ ಆಗುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಅದೇ ಆಯಿಲ್ ತೇವ ಹೀರಿಕೊಂಡ ಮೇಲೆ ಅದರ ಮಿತಿ 155ಕ್ಕೆ ಇಳಿಯಬಹುದು. ಕುದಿದರೆ ಪೆಡಲ್ ಸ್ಪಂಜಿನ ಹಾಗೆ ನೆಲಕ್ಕೆ ಹೋಗುತ್ತದೆ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಮುಗಿಸಿ. ನಿಲ್ಲಿಸಿದ ಮೇಲೆ ಪೆಡಲ್ ಒತ್ತಿಕೊಂಡೇ ಕೂರಬೇಡಿ, ಕಾದ ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಕೂರುತ್ತದೆ.

ಉಳಿದ ದಿನಗಳಲ್ಲಿ? ಓಡಿಸಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಗೆ ಕಮ್ಮಿಯಿಲ್ಲದ ಹಾಗೆ. ಹೊರಟ ಮೊದಲ ಹದಿನೈದು ನಿಮಿಷ ಎಂಜಿನ್ನಿನ ಮೇಲೆ ಕರುಣೆ ಇರಲಿ. ನೀರಿನ ಮುಳ್ಳು ಬೇಗ ಮಧ್ಯಕ್ಕೆ ಬಂದು ನಿಲ್ಲುತ್ತದೆ, ಆಯಿಲ್ ಬಿಸಿಯಾಗುವುದು ಅದಕ್ಕಿಂತ ಎಷ್ಟೋ ತಡವಾಗಿ. ಇ46 ಎಂ3 ಮಾಡಿದವರಿಗೆ ಮಾಲೀಕರ ಮೇಲೆ ನಂಬಿಕೆ ಇರಲಿಲ್ಲ ಅನಿಸುತ್ತದೆ. ಆರ್‌ಪಿಎಂ ಮೀಟರಿನ ಅಂಚಿಗೆ ಸಣ್ಣ ದೀಪಗಳನ್ನೇ ಇಟ್ಟುಬಿಟ್ಟರು, ಎಂಜಿನ್ ಬಿಸಿಯಾದ ಹಾಗೆ ಒಂದೊಂದೇ ಆರುತ್ತವೆ. ನಿಮ್ಮ ಕಾರಿನಲ್ಲಿ ಆ ದೀಪಗಳಿಲ್ಲ, ಗಡಿಯಾರ ನೋಡಿ. ಹದಿನೈದು ನಿಮಿಷದ ಆಚೆ, ರಸ್ತೆ ಖಾಲಿ ಇದ್ದು ನೇರವಾಗಿದ್ದಾಗ, ಎರಡನೇ ಗೇರಿನಲ್ಲಿ 4,000 ದಾಟಿಸಿ ಕಿವಿ ಕೊಡಿ. ಅಲ್ಲಿಯವರೆಗೆ ಗೊಣಗುತ್ತಿದ್ದ ಎಂಜಿನ್ ದನಿ ಬದಲಿಸಿ ಹಾಡಲು ಶುರು ಮಾಡುತ್ತದೆ. ಅದನ್ನು ಕೇಳಲು ಅತಿವೇಗ ಬೇಕಿಲ್ಲ, ಒಂದು ಗೇರು ಸಾಕು.

ಮತ್ತೆ ಆ ಫೈಲನ್ನು ಮುಂದುವರಿಸಿ. ನಿಮ್ಮ ಮೊದಲ ಬಿಲ್ ಬಹುಶಃ ಟೈರಿನದ್ದಾಗಿರುತ್ತದೆ.

ಸದ್ಯಕ್ಕೆ 1,10,000ದ ಮಾಲೀಕನಿಗೆ ಫೋನ್ ಮಾಡಿ. ಕ್ಲಚ್ ಯಾವಾಗ ಬದಲಿಸಿದಿರಿ, ಜೊತೆಗೆ ಐಎಂಎಸ್ ಬೇರಿಂಗ್ ಹಾಕಿಸಿದಿರಾ ಅಂತ ಕೇಳಿ. ಹೌದು ಅಂದರೆ ಬಿಲ್ಲಿನ ಫೋಟೋ ಕಳಿಸಲು ಹೇಳಿ. ಇಲ್ಲ ಅಂದರೂ ಪರವಾಗಿಲ್ಲ, ಆ ಕೆಲಸದ ಖರ್ಚನ್ನು ಬೆಲೆಯಲ್ಲಿ ಇಳಿಸಿ ಮಾತಾಡಿ. ಏನು ಬೇರಿಂಗ್, ಹಾಗಂದರೇನು ಅಂತ ತಿರುಗಿ ಕೇಳಿದರೆ, ಮೂರನೆಯ ಕಾರು ಹುಡುಕಲು ಶುರು ಮಾಡಿ.